ಹಿಮ ಬೀಳುವ ಊರಲ್ಲಿ ಬಿಗೋನಿಯಾ: ಗಡ್ಡೆ ನೆಲದಲ್ಲೇ ಇರಲಿ

ಪ್ರಶ್ನೆ: ನಾವು ಅಮೆರಿಕದ ನ್ಯೂಜೆರ್ಸಿಯಲ್ಲಿ, ಎಡಿಸನ್ ಹತ್ತಿರ ಇದ್ದೇವೆ. ಊರು ತೀರ್ಥಹಳ್ಳಿ ಕಡೆ. ಅಲ್ಲಿ ಅಮ್ಮನ ಜಗಲಿ ತುಂಬ ಬಿಗೋನಿಯಾ ಕುಂಡಗಳು. ಆ ಆಸೆಗೆ ನಾನೂ ಪ್ರತಿ ವರ್ಷ ಮೇ ತಿಂಗಳಲ್ಲಿ ಬಿಗೋನಿಯಾ ತಂದು ನೆಡುತ್ತೇನೆ. ನವೆಂಬರ್ ಬಂತು ಅಂದರೆ ಎಲ್ಲ ಕೊಳೆತು ನೀರಾಗುತ್ತದೆ. ಕಳೆದ ವರ್ಷ ಪಕ್ಕದ ಮನೆಯವರು ಒಂದು ಗಿಡ ಕೊಟ್ಟು, "ಇದನ್ನು ಕೀಳಬೇಡಿ, ಚಳಿಗಾಲದಲ್ಲೂ ನೆಲದಲ್ಲೇ ಇರುತ್ತೆ" ಅಂದರು. ಈಗ ಮೇ ಮೊದಲ ವಾರ. ಆ ಜಾಗ ಖಾಲಿ. ನಮ್ಮದು ಅಂಟು ಅಂಟಾದ ಕೆಂಪು ಜೇಡಿ ಮಣ್ಣು. ಗಿಡ ಸತ್ತಿದೆಯಾ? ಅಗೆದು ನೋಡಲಾ?

ಉತ್ತರ: ಅಗೆಯಬೇಡಿ. ಈ ಪತ್ರದಲ್ಲಿ ಬೇರೇನೂ ನೆನಪಿಡದಿದ್ದರೂ ಪರವಾಗಿಲ್ಲ, ಈ ಒಂದು ಮಾತು ನಡೆಸಿಕೊಡಿ. ಮೇ ಮೊದಲ ವಾರಕ್ಕೆ ಆ ಗಿಡ ಮೇಲೆ ಬರುವುದಿಲ್ಲ. ಪಕ್ಕದಲ್ಲಿ ಹೋಸ್ಟಾ ಎಲೆ ಬಿಚ್ಚಿರುತ್ತದೆ, ಟ್ಯೂಲಿಪ್ ಅರಳಿ ಮುಗಿದಿರುತ್ತದೆ, ಇದು ಮಾತ್ರ ಇನ್ನೂ ಮಲಗಿರುತ್ತದೆ. ನಿಮ್ಮ ಕಡೆ ಮೇ ಕೊನೆ, ಕೆಲವು ವರ್ಷ ಜೂನ್ ಮೊದಲ ವಾರ ಅದರ ಕಾಲ. ಚಳಿಗೆ ಸಾಯುವ ಗಡ್ಡೆಗಳಿಗಿಂತ ಮೇ ತಿಂಗಳಲ್ಲಿ ತೋಟದವರ ಗುದ್ದಲಿಗೆ ಸಾಯುವ ಗಡ್ಡೆಗಳೇ ಜಾಸ್ತಿ ಅಂತ ನನಗೆ ಅನ್ನಿಸಿದೆ. ನಾನೇ ಒಂದು ಕೊಂದಿದ್ದೇನೆ. ನಾನಿರುವುದು ಪೆನ್ಸಿಲ್ವೇನಿಯಾದಲ್ಲಿ, ನಿಮ್ಮಂಥದ್ದೇ ಚಳಿ. ಮೊದಲ ವರ್ಷ ಮೇ 10ರ ಸುಮಾರಿಗೆ ತಾಳ್ಮೆ ಕೆಟ್ಟು ಕೈಗುದ್ದಲಿ ಹಾಕಿದೆ. ಮಣ್ಣಿನ ಜೊತೆ ಮೇಲೆ ಬಂದದ್ದು ಎರಡು ಹೋಳಾದ ಗಡ್ಡೆ. ಅದರ ನೆತ್ತಿಯ ಮೇಲೆ ಭತ್ತದ ಕಾಳಿನಷ್ಟು ಉದ್ದದ, ತಿಳಿ ಕೆಂಪು ಮೊಳಕೆ. ಇನ್ನು ಎರಡು ವಾರ ಬಿಟ್ಟಿದ್ದರೆ ತಾನೇ ಮೇಲೆ ಬರುತ್ತಿತ್ತು. ಇವತ್ತಿಗೂ ಆ ಮೊಳಕೆ ಕಣ್ಣಿಗೆ ಕಟ್ಟಿದ ಹಾಗಿದೆ.

ನಿಮ್ಮ ಪಕ್ಕದ ಮನೆಯವರು ಹೇಳಿದ್ದು ನಿಜ. ಅವರು ಕೊಟ್ಟದ್ದು ಬಹುತೇಕ ಬಿಗೋನಿಯಾ ಗ್ರ್ಯಾಂಡಿಸ್. ಹಳೆಯ ತೋಟಗಾರರು ಬಿಗೋನಿಯಾ ಇವಾನ್ಸಿಯಾನಾ ಅಂತ ಹಳೆಯ ಹೆಸರಲ್ಲೇ ಕರೆಯುತ್ತಾರೆ. ಅಂಗಡಿಯ ಚೀಟಿಯಲ್ಲಿ ಸುಮ್ನೆ 'ಹಾರ್ಡಿ ಬಿಗೋನಿಯಾ' ಅಂತಲೂ ಇರುತ್ತದೆ. ಗುರುತು ಸುಲಭ. ಸುಮಾರು ಎರಡು ಅಡಿ ಎತ್ತರ, ಒಂದು ಪಕ್ಕ ಇಳಿಬಿಟ್ಟ ಹೃದಯದಂಥ ಎಲೆ, ಮೇಲೆ ಮಾಸಲು ಹಸಿರು. ಎಲೆಯನ್ನು ಮಗುಚಿ ನೋಡಿ, ಹಿಂದುಗಡೆ ನರಗಳೆಲ್ಲ ಕೆಂಪು. ಸಂಜೆ ಬಿಸಿಲು ಹಿಂದಿನಿಂದ ಬಿದ್ದರೆ ಇಡೀ ಎಲೆ ಕುಂಕುಮದ ನೀರಲ್ಲಿ ಅದ್ದಿದ ಹಾಗೆ ಬೆಳಗುತ್ತದೆ. ಆಗಸ್ಟ್ ಕೊನೆಗೆ ಜೋಲು ಜೋಲಾಗಿ ಗುಲಾಬಿ ಹೂ. ನಮ್ಮ ಗೌರಿ ಹಬ್ಬದ ಹೊತ್ತಿಗೆ ಸರಿಯಾಗಿ ಅರಳುತ್ತದೆ. ನಾನು ಇಲ್ಲಿ ಹಬ್ಬಕ್ಕೆ ಇದನ್ನೇ ಮುಡಿಸುತ್ತೇನೆ.

ಹಾಗಾದರೆ ನೀವು ಇಷ್ಟು ವರ್ಷ ನೆಟ್ಟವು ಯಾಕೆ ಉಳಿಯಲಿಲ್ಲ? ಬಿಗೋನಿಯಾ ಅಂದರೆ ಒಂದೇ ಗಿಡ ಅಲ್ಲ. 2000ಕ್ಕೂ ಹೆಚ್ಚು ಜಾತಿಗಳಿರುವ ದೊಡ್ಡ ಸಂಸಾರ ಅದು, ಹೆಚ್ಚಿನವು ಬಿಸಿ ನಾಡಿನ ಕಾಡುಗಳವು. ಮೇ ತಿಂಗಳಲ್ಲಿ ದೊಡ್ಡ ಅಂಗಡಿಗಳ ಮುಂದೆ ತಟ್ಟೆ ತಟ್ಟೆ ಮಾರುತ್ತಾರಲ್ಲ, ಪುಟ್ಟ ಹೊಳೆಯುವ ಎಲೆಯವು, ಅವು ವ್ಯಾಕ್ಸ್ ಬಿಗೋನಿಯಾ. ಅವಕ್ಕೆ ನೆಲದೊಳಗೆ ಅವಿತುಕೊಳ್ಳಲು ಗಡ್ಡೆಯೇ ಇಲ್ಲ. ಅಮ್ಮನ ಜಗಲಿಯಲ್ಲಿ ಬೆಳ್ಳಿ, ನೇರಳೆ ಬಣ್ಣದ ಪಟ್ಟೆ ಇರುವ ಎಲೆಯದ್ದು ಇದ್ದರೆ ಅದು ರೆಕ್ಸ್. ಅದರ ಮೂಲ ನಮ್ಮ ಅಸ್ಸಾಂ ಕಡೆಯ ಕಾಡು. ತೇವದ ಗಾಳಿ ಬೇಕು ಅದಕ್ಕೆ, ಹಿಮ ತಡೆಯದು. ಇನ್ನು ಗುಲಾಬಿಯಷ್ಟು ದೊಡ್ಡ ಹೂ ಬಿಡುವ ಗಡ್ಡೆ ಬಿಗೋನಿಯಾಗಳು ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳ ಜಾತಿಗಳನ್ನು ಬೆರಸಿ ಮಾಡಿದವು. ಬೆಟ್ಟದ ಗಿಡ, ಗಡ್ಡೆಯೂ ಇದೆ, ಆದರೂ ಹೆಪ್ಪುಗಟ್ಟಿದ ನೆಲದಲ್ಲಿ ಬದುಕುವುದಿಲ್ಲ. ಅಂಥದ್ದು ನಿಮ್ಮ ಹತ್ತಿರ ಇದ್ದರೆ ಮೊದಲ ಹಿಮಕ್ಕೆ ಎಲೆ ಕಪ್ಪಾದ ಕೂಡಲೇ ಅಗೆದು ತೆಗೆದು, ಒಣಗಿಸಿ, ಹೆಪ್ಪುಗಟ್ಟದ ತಂಪು ಜಾಗದಲ್ಲಿ ಒಣ ಪೀಟ್‌ನಲ್ಲಿ (ಕೊಳೆತ ಪಾಚಿಯ ಪುಡಿ) ಹೂತಿಡಿ.

ಗ್ರ್ಯಾಂಡಿಸ್ ಬಂದದ್ದು ಚೀನಾದಿಂದ. ಅಲ್ಲಿ ಬೆಟ್ಟದ ನೆರಳು ಜಾಗಗಳಲ್ಲಿ, ಬಂಡೆ ಸಂದಿಗಳಲ್ಲಿ ಬೆಳೆಯುತ್ತದೆ. ಜಪಾನಿನವರೂ ನೂರಾರು ವರ್ಷಗಳಿಂದ ತೋಟದಲ್ಲಿ ಬೆಳೆಸಿಕೊಂಡು ಬಂದಿದ್ದಾರೆ. ಅಲ್ಲಿ ಇದರ ಹೆಸರು ಶೂಕೈದೋ. ಚೀನೀಯರು ಇದಕ್ಕೆ ಇನ್ನೊಂದು ಹೆಸರಿಟ್ಟಿದ್ದಾರೆ, ಅಕ್ಷರಶಃ 'ಕರುಳು ಕತ್ತರಿಸುವ ಹೂ'. ಅಗಲಿದವನನ್ನು ನೆನೆದು ಅತ್ತ ಹೆಣ್ಣೊಬ್ಬಳ ಕಣ್ಣೀರು ಬಿದ್ದ ಜಾಗದಲ್ಲಿ ಹುಟ್ಟಿದ ಗಿಡವಂತೆ. ನಾವು 'ಕರುಳು ಕಿತ್ತು ಬಂತು' ಅನ್ನುತ್ತೇವಲ್ಲ, ಅದೇ ಭಾವ. ಊರು ಬಿಟ್ಟು ಬಂದವರ ಅಂಗಳಕ್ಕೆ ಈ ಗಿಡ ಸಲ್ಲುತ್ತದೆ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಈಗ ಅದು ಬದುಕುವ ಬಗೆ ಹೇಳುತ್ತೇನೆ. ಇದು ತಿಳಿದರೆ ಉಳಿದ ಕೆಲಸವೆಲ್ಲ ತಾನಾಗಿ ತಿಳಿಯುತ್ತದೆ.

ನೆಲದ ಮೇಲಿನ ಭಾಗಕ್ಕೆ ಚಳಿ ತಡೆಯುವ ಶಕ್ತಿ ಒಂದಿಷ್ಟೂ ಇಲ್ಲ. ದಂಟು ಪೂರ್ತಿ ನೀರು. ಬಸಳೆ ದಂಟನ್ನು ಫ್ರೀಜರ್‌ನಲ್ಲಿಟ್ಟು ತೆಗೆದರೆ ಹೇಗೆ ಮೆತ್ತಗೆ ಸೋರುತ್ತದೋ, ಮೊದಲ ಗಟ್ಟಿ ಹಿಮಕ್ಕೆ ಇದೂ ಹಾಗೇ ಕುಸಿಯುತ್ತದೆ. ಗಿಡ ಅದಕ್ಕೆ ಮೊದಲೇ ತಯಾರಾಗಿರುತ್ತದೆ. ಸೆಪ್ಟೆಂಬರ್‌ನಲ್ಲಿ ಹಗಲು ಕಿರಿದಾಗುತ್ತಾ ಬಂದ ಹಾಗೆ ಕೂಡಿಟ್ಟದ್ದನ್ನೆಲ್ಲ ಕೆಳಗಿನ ಗಡ್ಡೆಗೆ ಇಳಿಸುತ್ತದೆ. ಇಲ್ಲಿ ಕೆಲಸ ಮಾಡುವುದು ಚಳಿಗಿಂತ ಹೆಚ್ಚಾಗಿ ರಾತ್ರಿಯ ಉದ್ದ. ಕಳೆದ ಶತಮಾನದ ನಡುಭಾಗದಲ್ಲಿ ಜಪಾನಿನ ಸಸ್ಯವಿಜ್ಞಾನಿಗಳು ಇದೇ ಗಿಡವನ್ನು ಇಟ್ಟುಕೊಂಡು ಇದನ್ನು ತೋರಿಸಿಕೊಟ್ಟರು. ಹಗಲು ಕಿರಿದಾದರೆ ಗಡ್ಡೆ ಕಟ್ಟುತ್ತದೆ, ನಿದ್ದೆಗೆ ಜಾರುತ್ತದೆ. ಆಮೇಲೆ ಕೆಲವು ವಾರ ತಂಪು ಸಿಕ್ಕಿದರೆ ಆ ನಿದ್ದೆ ಬಿಡುತ್ತದೆ. ಹಾಗಾಗಿ ರಾತ್ರಿಯಿಡೀ ಉರಿಯುವ ಬಾಗಿಲ ದೀಪದ ಕೆಳಗೆ ಇದನ್ನು ನೆಡಬೇಡಿ ಅನ್ನುವುದು ನನ್ನ ಸಲಹೆ. ಅದಕ್ಕೆ ಕತ್ತಲು ಬೇಕು.

ನಮಗೆ ಇದೇನು ಹೊಸದಲ್ಲ. ಅರಿಶಿನ, ಸುವರ್ಣಗಡ್ಡೆ, ಗೌರಿಹೂವಿನ ಬಳ್ಳಿ ಎಲ್ಲ ಹೀಗೇ ಅಲ್ವಾ? ಮೇಲೆ ಒಣಗಿ ಹೋಗುತ್ತದೆ, ಕೆಳಗೆ ಗಡ್ಡೆ ಮಳೆಗೆ ಕಾಯುತ್ತದೆ. ನಿಮ್ಮ ಪಶ್ಚಿಮ ಘಟ್ಟದಲ್ಲೂ ಅಂಥ ಕಾಡು ಬಿಗೋನಿಯಾಗಳಿವೆ. ಬಿಗೋನಿಯಾ ಕ್ರೆನೇಟಾ ಅನ್ನುವ ಪುಟ್ಟದೊಂದು ಮಳೆಗಾಲದಲ್ಲಿ ಒದ್ದೆ ಬಂಡೆಗೆ ಅಂಟಿಕೊಂಡು ಅರಳುತ್ತದೆ. ಮಳೆ ನಿಂತರೆ ಮಾಯ, ಗಡ್ಡೆ ಮಾತ್ರ ಕಲ್ಲಿನ ಸಂದಿಯಲ್ಲಿ ಉಳಿಯುತ್ತದೆ. ಅದು ಬೇಸಿಗೆಯಿಂದ ತಪ್ಪಿಸಿಕೊಳ್ಳುತ್ತದೆ, ಗ್ರ್ಯಾಂಡಿಸ್ ಚಳಿಗಾಲದಿಂದ ತಪ್ಪಿಸಿಕೊಳ್ಳುತ್ತದೆ. ಉಪಾಯ ಒಂದೇ.

ಗಡ್ಡೆ ಎಷ್ಟು ಚಳಿ ತಡೆಯುತ್ತದೆ? ಅಮೆರಿಕದ ಕೃಷಿ ಇಲಾಖೆಯ ವಲಯ ನಕ್ಷೆ ನೋಡಿರುತ್ತೀರಿ. 2023ರಲ್ಲಿ ಅದರ ಹೊಸ ಆವೃತ್ತಿ ಬಂತು. 7ನೇ ವಲಯ ಅಂದರೆ ವರ್ಷದ ಅತಿ ಚಳಿಯ ರಾತ್ರಿ ಸರಾಸರಿ ಸೊನ್ನೆಗಿಂತ 12ರಿಂದ 18 ಡಿಗ್ರಿ ಸೆಲ್ಸಿಯಸ್ ಕೆಳಗೆ. ನೀವಿರುವುದು ಅದರಲ್ಲೇ. ಗ್ರ್ಯಾಂಡಿಸ್‌ಗೆ 7 ಆರಾಮ, ಅದಕ್ಕಿಂತ ಚಳಿಯ 6 ಎಲೆಯ ಹೊದಿಕೆ ಹಾಕಿದರೆ ಸರಿ. ಈ ಲೆಕ್ಕ ಗಾಳಿಯದ್ದು ಅನ್ನುವುದು ನೆನಪಿರಲಿ. ಗಡ್ಡೆ ಇರುವ ಮಣ್ಣು ಅಷ್ಟು ತಣ್ಣಗಾಗುವುದಿಲ್ಲ. ಮೇಲೆ ಹಿಮ ಕೂತಿದ್ದರಂತೂ ಕಂಬಳಿ ಹೊದಿಸಿದ ಹಾಗೆ. ಹಿಮವಿಲ್ಲದೆ ಬರಿ ನೆಲಕ್ಕೆ ಬಡಿಯುವ ಚಳಿಯೇ ಅಪಾಯ. 2022ರ ಕ್ರಿಸ್‌ಮಸ್‌ಗೆ ಎರಡು ದಿನ ಮೊದಲು ಆದದ್ದು ನೆನಪಿದೆಯಾ? ಬೆಳಿಗ್ಗೆ ಮಳೆ, ಸಂಜೆಗೆ ಎಲ್ಲ ಕಲ್ಲು. ನನ್ನ ಗಡ್ಡೆಗಳ ಮೇಲೆ ಒಂದು ಗೇಣು ಎಲೆ ಇತ್ತು. ಒಂದೂ ಹೋಗಲಿಲ್ಲ.

ಆದರೆ ನಿಮ್ಮ ವಿಷಯದಲ್ಲಿ ನನಗೆ ಚಳಿಯ ಚಿಂತೆಗಿಂತ ನೀರಿನ ಚಿಂತೆ ಜಾಸ್ತಿ. ಮಧ್ಯ ನ್ಯೂಜೆರ್ಸಿಯ ಕೆಂಪು ಜೇಡಿ ಒದ್ದೆಯಾದರೆ ತಿಂಗಳುಗಟ್ಟಲೆ ಒದ್ದೆ. ಮಲಗಿರುವ ಗಡ್ಡೆಗೆ ಬೇರಿಲ್ಲ, ಎಲೆಯಿಲ್ಲ, ಸುತ್ತಲಿನ ನೀರನ್ನು ಅದು ಹೀರಿ ಖಾಲಿ ಮಾಡಲಾರದು. ಜನವರಿಯಲ್ಲಿ ಎರಡು ದಿನ ಮಳೆ, ಮೂರನೇ ದಿನ ಹೆಪ್ಪು, ಆಮೇಲೆ ಕರಗುವುದು, ಮತ್ತೆ ಹೆಪ್ಪು. ಹೀಗೆ ನಾಲ್ಕು ಸಲ ಆದರೆ ಗಡ್ಡೆ ಕೊಳೆಯುತ್ತದೆ, ಇಲ್ಲವೇ ಉಬ್ಬಿದ ಮಣ್ಣು ಅದನ್ನು ಮೇಲಕ್ಕೆ ತಳ್ಳುತ್ತದೆ. ನಾನು ಒಮ್ಮೆ ಮನೆಯ ಸೂರಿನ ನೀರು ಇಳಿಯುವ ಕೊಳವೆಯ ಬಾಯಿಗೆ ಹತ್ತಿರ ನೆಟ್ಟಿದ್ದೆ. ಬೇಸಿಗೆಯಲ್ಲಿ ನೀರು ಸಿಗುತ್ತದಲ್ಲ ಅನ್ನುವ ಲೆಕ್ಕ. ಗಿಡ ಸೊಂಪಾಗಿ ಬಂತು. ಮುಂದಿನ ಜೂನ್‌ನಲ್ಲಿ ಬೆರಳು ಹಾಕಿ ನೋಡಿದರೆ ಕೊಳೆತ ಬಾಳೆಹಣ್ಣಿನ ಹಾಗೆ ಒಳಗಿಳಿಯಿತು. ಅದೇ ಚಳಿಗಾಲ ಹತ್ತು ಅಡಿ ಆಚೆ, ಮೇಪಲ್ ಮರದ ಇಳಿಜಾರಿನಲ್ಲಿದ್ದ ಗಡ್ಡೆಗೆ ಏನೂ ಆಗಿರಲಿಲ್ಲ. ಚಳಿ ಎರಡಕ್ಕೂ ಒಂದೇ, ನೀರು ಬೇರೆ.

ಹಾಗಾಗಿ ಜಾಗ ಆರಿಸುವುದೇ ಮುಕ್ಕಾಲು ಕೆಲಸ. ಬೆಳಗಿನ ಎಳೆ ಬಿಸಿಲು ಬಿದ್ದು ಮಧ್ಯಾಹ್ನ ನೆರಳಾಗುವ ಇಳಿಜಾರು ಸಿಕ್ಕಿದರೆ ಅದೇ ಒಳ್ಳೆಯದು. ಇಳಿಜಾರಿಲ್ಲದಿದ್ದರೆ ನೆಲದಿಂದ ಒಂದು ಗೇಣು ಎತ್ತರಕ್ಕೆ ದಿಬ್ಬ ಮಾಡಿ. ಜೇಡಿಗೆ ಮರಳು ಬೆರೆಸಬೇಡಿ. ಸ್ವಲ್ಪ ಮರಳು ಹಾಕಿದರೆ ಜೇಡಿ ಇಟ್ಟಿಗೆಯಂತಾಗುತ್ತದೆ. ಕೊಳೆತ ಎಲೆಗೊಬ್ಬರ, ಪೈನ್ ತೊಗಟೆಯ ಪುಡಿ ಇವೆರಡನ್ನು ಧಾರಾಳವಾಗಿ ಸೇರಿಸಿ. ಗುಂಡಿ ತೋಡಿ ಅದರಲ್ಲಿ ಮಾತ್ರ ಒಳ್ಳೆ ಮಣ್ಣು ತುಂಬಿದರೆ ಆ ಗುಂಡಿ ಬಾವಿಯಾಗುತ್ತದೆ. ಸುತ್ತ ಒಂದೆರಡು ಅಡಿ ಅಗಲಕ್ಕೆ ಬೆರೆಸಿ. ಮನೆಯ ಗೋಡೆಯ ಪಕ್ಕವೂ ಒಳ್ಳೆಯದು. ನೆಲಮಾಳಿಗೆಯ ಬೆಚ್ಚಗೆ ಗೋಡೆಯಿಂದ ಮಣ್ಣಿಗೆ ಸ್ವಲ್ಪ ಇಳಿಯುತ್ತದೆ. ಸೂರಿನ ನೀರು ಅಲ್ಲಿ ಬೀಳದಿದ್ದರೆ ಸರಿ.

ನೆಡುವುದು ಮೇ ಕೊನೆಯಿಂದ ಜೂನ್ ಒಳಗೆ. ಸೆಪ್ಟೆಂಬರ್‌ನಲ್ಲಿ ಅಂಗಡಿಯವರು ಅರ್ಧ ಬೆಲೆಗೆ ಕೊಡುತ್ತಾರೆ, ಹೂವೂ ತುಂಬಿರುತ್ತದೆ, ಆಸೆ ಆಗುತ್ತದೆ. ಆಗ ತಂದರೆ ಆ ವರ್ಷ ನೆಲಕ್ಕೆ ಹಾಕಬೇಡಿ. ಬೇರೂರಲು ಹೊತ್ತಿರುವುದಿಲ್ಲ. ಕುಂಡದಲ್ಲೇ ಬಿಟ್ಟು, ಮೇಲ್ಭಾಗ ಒಣಗಿದ ಮೇಲೆ ಗ್ಯಾರೇಜ್ ಮೂಲೆಯಲ್ಲಿಡಿ. ತಿಂಗಳಿಗೊಮ್ಮೆ ಒಂದು ಲೋಟ ನೀರು ಸಾಕು.

ಅಕ್ಟೋಬರ್ ಬಂದಾಗ ಒಂದು ಸಣ್ಣ ಸಂಗತಿ ನೋಡಿ, ಈ ಗಿಡದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಅದು. ಎಲೆಯ ಕಂಕುಳಲ್ಲಿ, ತೊಟ್ಟು ದಂಟಿಗೆ ಸೇರುವ ಕಡೆ, ಪುಟ್ಟ ಮರಿಗಡ್ಡೆಗಳು ಕಾಣುತ್ತವೆ. ಒಂದೊಂದು ಸಾಸಿವೆಗಿಂತ ದೊಡ್ಡದು, ಬಟಾಣಿಗಿಂತ ಚಿಕ್ಕದು. ಕಂದು, ಕೆಲವು ತಿಳಿ ಗುಲಾಬಿ. ಮುಟ್ಟಿದರೆ ಅಂಗೈಗೆ ಉದುರುತ್ತವೆ. ಬೆಳಕಿಗೆ ಹಿಡಿದರೆ ತುದಿಯಲ್ಲಿ ಚಿಕ್ಕ ಮೂತಿ ಕಾಣುತ್ತದೆ, ಅದೇ ಮುಂದಿನ ಮೊಳಕೆ. ಊರಲ್ಲಿ ಕಾಡುಗೆಣಸಿನ ಬಳ್ಳಿಯ ಮೇಲೆ ಗಡ್ಡೆ ಕಟ್ಟುತ್ತದಲ್ಲ, ಅದರ ಚಿಕ್ಕ ರೂಪ. ದೊಡ್ಡ ಗಡ್ಡೆ ಒಂದು ವೇಳೆ ಕೊಳೆತರೂ ಇರಲಿ ಅಂತ ಗಿಡ ಇಟ್ಟುಕೊಂಡ ಜಾಮೀನು ಇದು. ಉದುರಿದ ಇವು ಎಲೆಗಳಡಿಯಲ್ಲಿ ಚಳಿಗಾಲ ಕಳೆದು ಮೊಳೆಯುತ್ತವೆ. ಮೊದಲ ವರ್ಷ ಒಂದೆರಡು ಎಲೆ, ಎರಡನೇ ವರ್ಷಕ್ಕೆ ಸಾಮಾನ್ಯವಾಗಿ ಹೂ.

ಆದ್ದರಿಂದ ಅಕ್ಟೋಬರ್‌ನಲ್ಲಿ ಆ ಜಾಗವನ್ನು ಚೊಕ್ಕಟ ಮಾಡಲು ಹೋಗಬೇಡಿ. ಎಲೆ ಊದುವ ಯಂತ್ರವನ್ನಂತೂ ಅಲ್ಲಿ ತಿರುಗಿಸಲೇಬೇಡಿ. ಮರಿಗಡ್ಡೆಗಳೆಲ್ಲ ಬೀದಿ ಪಾಲಾಗುತ್ತವೆ. ದಂಟನ್ನೂ ಕತ್ತರಿಸಬೇಡಿ. ಹಿಮ ಬಿದ್ದ ಮೇಲೆ ಅದು ಗಡ್ಡೆಯ ಗಂಟಿನಲ್ಲಿ ತಾನಾಗಿ ಕಳಚಿಕೊಳ್ಳುತ್ತದೆ. ನೀವು ಕತ್ತರಿಸಿದ ಮೋಟು ದಂಟು ಕೊಳೆಯುತ್ತಾ ಗಡ್ಡೆಯ ನೆತ್ತಿಗೆ ಕೊಳೆ ಇಳಿಸಬಹುದು. ಮೆಲ್ಲಗೆ ಎತ್ತಿದಾಗ ಕೈಗೆ ಬಂತು ಅಂದರೆ ತೆಗೆಯಿರಿ, ಬರಲಿಲ್ಲ ಅಂದರೆ ಬಿಡಿ.

ಕೆಲವು ಮರಿಗಡ್ಡೆಗಳನ್ನು ನೀವೇ ಇಟ್ಟುಕೊಳ್ಳಬೇಕೆಂದರೆ ತುಸು ಒದ್ದೆ ಪೀಟ್‌ನಲ್ಲಿ ಬೆರೆಸಿ, ಚಿಕ್ಕ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಫ್ರಿಜ್‌ನಲ್ಲಿಡಿ. ಮಕ್ಕಳ ಕೈಗೆ ಸಿಗದ ಕಡೆ ಇರಲಿ. ಬಿಗೋನಿಯಾದಲ್ಲಿ ಹುಳಿ ಕೊಡುವ ಆಕ್ಸಲೇಟ್ ಇರುತ್ತದೆ. ನಾಯಿ ಬೆಕ್ಕುಗಳಿಗೂ ಒಳ್ಳೆಯದಲ್ಲ, ಅದರಲ್ಲೂ ಗಡ್ಡೆಯ ಭಾಗ. ಎರಡು ಮೂರು ತಿಂಗಳ ತಂಪು ಆದಮೇಲೆ, ಏಪ್ರಿಲ್‌ನಲ್ಲಿ ಕುಂಡದ ಮಣ್ಣಿನ ಮೇಲೆ ಒತ್ತಿ, ಮೇಲೆ ತೆಳ್ಳಗೆ ಮಣ್ಣು ಉದುರಿಸಿ, ಕಿಟಕಿ ಪಕ್ಕ ಇಟ್ಟರೆ ಬರುತ್ತವೆ.

ಹೊದಿಕೆ ಯಾವಾಗ? ಅವಸರ ಬೇಡ. ನವೆಂಬರ್ ಕೊನೆ, ಡಿಸೆಂಬರ್ ಮೊದಲ ವಾರ, ನೆಲ ಚೆನ್ನಾಗಿ ತಣ್ಣಗಾದ ಮೇಲೆ. ಬೇಗ ಹಾಕಿದರೆ ಇಲಿಗಳು ಒಳಗೆ ಸಂಸಾರ ಹೂಡುತ್ತವೆ. ಓಕ್ ಎಲೆ ಸಿಕ್ಕರೆ ಒಳ್ಳೆಯದು, ಒದ್ದೆಯಾದರೂ ಒಂದಕ್ಕೊಂದು ಅಂಟುವುದಿಲ್ಲ. ಮೇಪಲ್ ಎಲೆ ಇಡಿಯಾಗಿ ಹಾಕಿದರೆ ಒದ್ದೆ ರಟ್ಟಿನ ಹಾಗೆ ಕೂತು ಗಾಳಿ ಕಟ್ಟುತ್ತದೆ, ಹುಲ್ಲು ಕತ್ತರಿಸುವ ಯಂತ್ರದಲ್ಲಿ ಒಮ್ಮೆ ಚೂರು ಮಾಡಿ ಹಾಕಿ. ಪೈನ್ ಎಲೆಯೂ ಆಗುತ್ತದೆ. ನಾಲ್ಕು ಬೆರಳು ದಪ್ಪದಿಂದ ಒಂದು ಗೇಣಿನವರೆಗೆ ಸಾಕು. ಏಪ್ರಿಲ್ ನಡುವಿನಲ್ಲಿ ಅರ್ಧ ತೆಗೆಯಿರಿ, ಉಳಿದದ್ದು ಗೊಬ್ಬರವಾಗಲಿ. ಕೈಯಿಂದ ತೆಗೆಯಿರಿ, ಕುಂಟೆಯಿಂದ ಬೇಡ.

ಬೇಸಿಗೆಯಲ್ಲಿ ಹೇಳುವಂಥ ಕೆಲಸವೇನಿಲ್ಲ. ವಾರ ಮಳೆ ಬಾರದಿದ್ದರೆ ನೀರು, ಎಳೆ ಮೊಳಕೆಗೆ ಬಸವನಹುಳು ಕಾಟ, ಅಷ್ಟೆ. ರಾತ್ರಿ ಟಾರ್ಚ್ ಹಿಡಿದು ಹೆಕ್ಕಿದರೆ ಮುಗಿಯಿತು.

ಇನ್ನೂ ಚಳಿ ಊರುಗಳಿಂದ ಓದುವವರಿಗೆ ಒಂದು ಮಾತು. ಶಿಕಾಗೋದಲ್ಲಿ ಗೋಡೆ ಪಕ್ಕದ ಜಾಗ, ದಪ್ಪ ಹೊದಿಕೆ ಎರಡೂ ಇದ್ದರೆ ಪ್ರಯತ್ನಿಸಬಹುದು, ಜೊತೆಗೆ ಒಂದಿಷ್ಟು ಮರಿಗಡ್ಡೆ ಫ್ರಿಜ್‌ನಲ್ಲಿರಲಿ. ಮಿನಿಯಾಪೊಲಿಸ್‌ನಲ್ಲಿ ನೆಲದಲ್ಲಿ ಬಿಡಿ ಅಂತ ನಾನು ಹೇಳಲಾರೆ, ಕುಂಡವೇ ಸರಿ. ಲಂಡನ್ ಕಡೆಯವರಿಗೆ ಚಳಿ ಸಮಸ್ಯೆಯೇ ಅಲ್ಲ, ಮುಗಿಯದ ಜಿಟಿಜಿಟಿ ಮಳೆ ಸಮಸ್ಯೆ. ನೀರು ಬಸಿಯುವಂತೆ ಮಾಡುವುದಷ್ಟೇ ಅವರ ಕೆಲಸ. ಮನಸ್ಸಿದ್ದರೆ ಅವರು ದಕ್ಷಿಣ ಆಫ್ರಿಕಾದ ಬಿಗೋನಿಯಾ ಸದರ್ಲ್ಯಾಂಡಿಯೈ ಕೂಡ ಹಾಕಬಹುದು, ಕಿತ್ತಳೆ ಬಣ್ಣದ ಚೆಲುವಾದ ಹೂ, ಚಳಿ ತಡೆಯುವುದು ಮಾತ್ರ ಗ್ರ್ಯಾಂಡಿಸ್‌ಗಿಂತ ಕಡಿಮೆ. ನ್ಯೂಜೆರ್ಸಿಯಲ್ಲಿ ನೀವು ಎರಡನೇ ಗಿಡ ಹುಡುಕುವುದಾದರೆ ಗ್ರ್ಯಾಂಡಿಸ್‌ನದೇ ಬಿಳಿ ಬಗೆ 'ಆಲ್ಬಾ' ಕೇಳಿ. ಹೂ ಬಿಳಿ, ಮೊಗ್ಗಿನಲ್ಲಿ ಸ್ವಲ್ಪ ಗುಲಾಬಿ ಛಾಯೆ. ಕತ್ತಲು ಮೂಲೆಯಲ್ಲಿ ಗುಲಾಬಿಗಿಂತ ಅದೇ ಎದ್ದು ಕಾಣುತ್ತದೆ.

ಅಮ್ಮನಿಗೆ ಒಂದು ಹಿಡಿ ಮರಿಗಡ್ಡೆ ಒಯ್ಯುವ ಆಸೆ ನಿಮಗೆ ಬಂದೇ ಬರುತ್ತದೆ. ಒಯ್ಯಬೇಡಿ. ಪರವಾನಗಿ, ಸಸ್ಯ ಆರೋಗ್ಯ ಪತ್ರ ಇಲ್ಲದೆ ಗಡ್ಡೆ ಬೀಜಗಳನ್ನು ಭಾರತಕ್ಕೆ ತರುವಂತಿಲ್ಲ. ಮಣ್ಣಿನ ಜೊತೆ ರೋಗ ಹೋಗುತ್ತದೆ, ಘಟ್ಟದ ಬಿಗೋನಿಯಾಗಳಿಗೆ ಅದು ತಗುಲುವುದು ಬೇಡ. ತೀರ್ಥಹಳ್ಳಿಯ ಚಳಿಯಲ್ಲಿ ಇದಕ್ಕೆ ಬೇಕಾದಷ್ಟು ತಂಪೂ ಸಿಗಲಿಕ್ಕಿಲ್ಲ. ಗೌರಿ ಹಬ್ಬದ ದಿನ ವಿಡಿಯೊ ಕರೆಯಲ್ಲಿ ಎಲೆ ಮಗುಚಿ ಆ ಕೆಂಪು ನರಗಳನ್ನು ತೋರಿಸಿ.

ಈಗ ನೀವು ಮಾಡಬೇಕಾದದ್ದು ಇಷ್ಟು. ಆ ಖಾಲಿ ಜಾಗದ ಸುತ್ತ ನಾಲ್ಕು ಕಡ್ಡಿ ನೆಡಿ, ಯಾರೂ ತುಳಿಯದಿರಲಿ. ಜೂನ್ 15ರವರೆಗೆ ಕಾಯಿರಿ. ನೆಲ ತೀರಾ ಒಣಗಿದರೆ ಮಾತ್ರ ತುಸು ನೀರು. ಬರುವಾಗ ಮೊದಲು ಕಾಣುವುದು ಮಡಿಚಿದ, ಕೆಂಪು ಮಿಶ್ರಿತ ಚಿಕ್ಕ ಎಲೆ, ಕಳೆ ಅಂತ ಕಿತ್ತುಬಿಡಬೇಡಿ. ಜೂನ್ 15 ದಾಟಿದರೂ ಏನೂ ಕಾಣದಿದ್ದರೆ ಬೆರಳಿನಿಂದ ಮೆಲ್ಲಗೆ ಮಣ್ಣು ಸರಿಸಿ. ಗಡ್ಡೆ ಗಟ್ಟಿಯಿದ್ದರೆ ಮತ್ತೆ ಮುಚ್ಚಿಬಿಡಿ, ಅದು ಬರುತ್ತದೆ. ಮೆತ್ತಗಾಗಿದ್ದರೆ ಆ ಜಾಗ ನೀರಿನದ್ದು, ದಿಬ್ಬ ಮಾಡಿಟ್ಟುಕೊಳ್ಳಿ. ಅಕ್ಟೋಬರ್‌ನಲ್ಲಿ ಪಕ್ಕದ ಮನೆಯವರ ಬಳಿ ಒಂದು ಚಿಟಿಕೆ ಮರಿಗಡ್ಡೆ ಕೇಳಿ. ಅವರ ಗಿಡದಡಿ ಬೇಕಾದಷ್ಟು ಬಿದ್ದಿರುತ್ತವೆ.